ಮಾಮಾನ ಗಾಲಿಗಳು

ನನ್ನ ಸೋದರಮಾವನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಕರಿ ಗೆರೆ ಇರುತ್ತಿತ್ತು. ಕುರನೂರಿನಲ್ಲಿ ಹೊಲ ಇದ್ದವರ ಉಗುರೆಲ್ಲ ಕರಿಯೇ. ಆದರೆ ಮಾಮಾನದು ಎರೆಮಣ್ಣಿನ ಕರಿಯಲ್ಲ, ಕಾರಿನ ಬ್ರೇಕಿನಿಂದ ಉದುರಿ ಗಾಲಿಗೆ ಹತ್ತುವ ಸಣ್ಣ ಪುಡಿಯದು. ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಮಾಮಿ ಅದನ್ನು ನೋಡಿ ಮುಖ ಸಿಂಡರಿಸಿದರೆ, "ಮಣ್ಣಿಂದಾದ್ರ ನಡೀತದೇನು?" ಎಂದು ಅದೇ ಕೈಯಿಂದ ರೊಟ್ಟಿ ಮುರಿಯುತ್ತಿದ್ದ.

ಅವನಿಗೆ ಕಬ್ಬಿತ್ತು, ದ್ರಾಕ್ಷಿ ಇತ್ತು, ಟ್ರ್ಯಾಕ್ಟರ್ ಇತ್ತು. ಜೀವ ಮಾತ್ರ ಪುಣೆಯಿಂದ ತಂದ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿತ್ತು. ಎರಡೇ ಬಾಗಿಲು, ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಊರವರು ಅದಕ್ಕೆ ಕಪ್ಪಿ, ಅಂದರೆ ಕಪ್ಪೆ, ಎಂದು ಹೆಸರಿಟ್ಟಿದ್ದರು. ಗುರುವಾರ ಮಾಮಿಯನ್ನು ಅಕ್ಕಲಕೋಟೆಗೆ ದರ್ಶನಕ್ಕೆ ಅದರಲ್ಲೇ ಕರೆದೊಯ್ಯುತ್ತಿದ್ದ. ರಸ್ತೆಯಲ್ಲಿ ಹಂಪ್ ಬಂತೆಂದರೆ ಮಾಮಿ ಇಳಿಯಬೇಕು, ಕಾರು ಓರೆಯಾಗಿ ದಾಟಬೇಕು, ಆಮೇಲೆ ಮಾಮಿ ಮತ್ತೆ ಹತ್ತಬೇಕು. "ಅರ್ಧಾ ದಾರಿ ನಾ ನಡದಽ ಹೋಗ್ತೀನವ್ವ. ಪುಣ್ಯಾನೂ ನನಗಽ ಜಾಸ್ತಿ ಬರ್ತದ," ಎಂದು ನನ್ನ ಮುಂದೆ ನಗುತ್ತಿದ್ದಳು.

ಕಾರಿಗೆ ಮೊದಲು ಇದ್ದದ್ದು ಕಬ್ಬಿಣದ ಗಾಲಿಗಳು. ಅದೇ ಕಾಲದ, ಅದೇ ಕಾರಿಗೆಂದು ಮಾಡಿದ ಅಲಾಯ್ ಗಾಲಿ ಬೇಕೆಂದು ಮಾಮಾ ವರ್ಷಗಟ್ಟಲೆ ಹುಡುಕಿದ. ಸಿಕ್ಕ ದಿನವೇ ನನಗೆ ಫೋನ್ ಬಂತು. ನಾನು ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಮನೆ ಮಾಡಿಕೊಂಡು ಬ್ಯಾಂಕಿನಲ್ಲಿ ನೌಕರಿ ಮಾಡುವವಳು. ಆದಿತ್ಯವಾರ ಬಾ ಎಂದ ಮೇಲೆ ಹೋಗದೆ ಗತಿಯಿರಲಿಲ್ಲ. ಅಂಗಳದಲ್ಲಿ ಜಾಕ್ ಹಚ್ಚಿ ಕಾರನ್ನು ಎತ್ತಿದ್ದ. ನಟ್ ಬಿಗಿಯಲು ನಾನು ಪಾನಾ ಎತ್ತಿಕೊಂಡೆ. ಕಸಿದುಕೊಂಡ.

"ಮದಲ ಕೈಲೆ ತಿರುಗಿಸು. ನಟ್ ಓರೆ ಹೊಂಟದೋ ನೆಟ್ಟಗ ಹೊಂಟದೋ ಕೈಗಿ ತಿಳೀತದ, ಪಾನಾಕ್ಕ ತಿಳಿಯೂದಿಲ್ಲ. ಒಂದು ಬಿಗಿದ ಮ್ಯಾಲೆ ಅದರ ಎದುರಿಂದು. ಬಾಜೂದು ಅಲ್ಲ."

ಅಷ್ಟರಲ್ಲಿ ಮಾಮಿ ಚಹಾ ತಂದು, ನೆಲದ ಮೇಲೆ ಮಲಗಿಸಿದ್ದ ಗಾಲಿಯ ಮೇಲೆ ಕಪ್ಪು-ಬಸಿ ಇಟ್ಟಳು. ಮಾಮಾ ಹೌಹಾರಿದ. "ಏ, ಅದಕ್ಕ ಕೈ ಹಚ್ಚಬ್ಯಾಡ." ಮಾಮಿ ಚಹಾ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ನನಗೊಬ್ಬಳಿಗೆ ತಿಳಿಸಿ ಹೇಳಿದ: ಗಾಲಿಯ ಮೇಲೆ ಕಣ್ಣಿಗೆ ಕಾಣದ ತೆಳು ಪಾಲಿಶ್ ಇರುತ್ತದೆ, ಅದಿರುವತನಕ ಗಾಲಿ, ಅದು ಹೋದರೆ ಬರೀ ತಗಡು. ಅವತ್ತು ನಮಗಿಬ್ಬರಿಗೂ ಚಹಾ ಸಿಗಲಿಲ್ಲ.

ತೊಳೆಯುವುದು ಇನ್ನೂ ದೊಡ್ಡ ಕತೆ. ಓಡಿ ಬಂದ ಗಾಲಿ ಪೂರ್ತಿ ಆರುವತನಕ ನೀರು ಸೋಕಿಸುತ್ತಿರಲಿಲ್ಲ. ಚಿಕ್ಕಮಕ್ಕಳ ಶಾಂಪೂ, ಮೆತ್ತನೆಯ ಬ್ರಷ್, ಹಳೆಯ ಧೋತರದ ತುಂಡು. ಕುಕ್ಕರಗಾಲಲ್ಲಿ ಕುಳಿತು ಒಂದೊಂದು ಕಡ್ಡಿಯ ಹಿಂದೆಯೂ ಬೆರಳು ಹಾಕಿ ಒರೆಸುತ್ತಿದ್ದ. ಮಾಮಿ ದೂರದ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತ ನೋಡುತ್ತಿದ್ದಳು. "ನನ್ನ ಮಾರಿ ಒಮ್ಮೆರೆ ಹಿಂಗ ನೋಡ್ಯಾರೇನ ಕೇಳು," ಎನ್ನುತ್ತಿದ್ದಳು. ಚೇಷ್ಟೆಯೇ, ಆದರೆ ಪೂರಾ ಚೇಷ್ಟೆಯಲ್ಲ.

ಒಂದು ಮುಂಜಾನೆ ಹಲ್ಲುಜ್ಜುತ್ತ ನಿಂತವನು ಅಲ್ಲೇ ಕುಸಿದ. ಲಕ್ವಾ. ಬಲಗೈ, ಬಲಗಾಲು ಹೋದವು, ಮಾತು ಹೋಯಿತು. ಸೊಲ್ಲಾಪುರದ ಡಾಕ್ಟರು ವ್ಯಾಯಾಮ ಮಾಡಿಸಿ, ನೋಡೋಣ ಎಂದರು. ಆ ನೋಡೋಣದಲ್ಲೇ ಮಳೆಗಾಲ ಕಳೆಯಿತು. ಕಾರು ಶೆಡ್ಡಿನಲ್ಲಿ ಧೂಳು ಹಿಡಿಯಿತು. ಯಾರ ಕೈಯಲ್ಲೂ ಏನೂ ಇರಲಿಲ್ಲ.

ಖಂಡೇನವಮಿ ಬಂತು, ಹತಾರಕ್ಕೂ ಗಾಡಿಗೂ ಪೂಜೆಯಾಗುವ ದಿನ. ಚೆಂಡುಹೂವಿನ ಮಾಲೆ ತೆಗೆದುಕೊಂಡು ಮುಂಜಾನೆಯೇ ಹೋದೆ. ಮಾಮಾನನ್ನು ಖುರ್ಚಿಯಲ್ಲಿ ಅಂಗಳಕ್ಕೆ ತಂದು ಕೂಡಿಸಿದ್ದರು. ಮಾಮಿ ಸೀರೆ ಎತ್ತಿ ಕಟ್ಟಿ, ಮೊಣಕೈತನಕ ಒದ್ದೆಯಾಗಿ, ಕೊನೆಯ ಗಾಲಿ ಮುಗಿಸುತ್ತಿದ್ದಳು. ಪಕ್ಕದಲ್ಲಿ ಒಂದು ಬಟ್ಟಲು ನೆನೆಸಿದ ಹುಣಸೆಹಣ್ಣು, ಇನ್ನೊಂದರಲ್ಲಿ ಇಟ್ಟಿಗೆ ಪುಡಿ. ದೇವರ ಹಿತ್ತಾಳೆ ದೀಪ ತಿಕ್ಕುವ ಹಾಗೆ, ನಸುಕಿನಿಂದ ಕುಳಿತು ಎಲ್ಲ ಗಾಲಿ ತಿಕ್ಕಿದ್ದಳು. ಪಾಲಿಶ್ ಪೂರಾ ಎದ್ದುಹೋಗಿತ್ತು. ಕೆಳಗಿನ ಲೋಹ ಗೀರುಗೀರಾಗಿ ಬೆಳ್ಳಗೆ ಹೊಳೆಯುತ್ತಿತ್ತು.

"ನೋಡ್ರಿ, ಬೆಳ್ಳಿ ಹಂಗ ಆಗ್ಯಾವಲ್ಲ," ಎಂದಳು ಮಾಮಿ ಗಂಡನಿಗೆ. "ಶಾಂಪೂದಾಗ ಎಲ್ಲಿ ಹೋಗ್ತದ್ರಿ ಹೊಲಸು?"

ಮಾಮಾನ ಕಣ್ಣು ಒಂದು ಗಾಲಿಯಿಂದ ಇನ್ನೊಂದಕ್ಕೆ ಹೋಯಿತು. ಬಾಯಿ ಒಂದು ಕಡೆ ಎಳೆಯಿತು, ದನಿ ಹೊರಡಲಿಲ್ಲ. ಕಣ್ಣು ತುಂಬಿ ಕೆನ್ನೆಗಿಳಿಯಿತು. ಮಾಮಿ ಸೆರಗಿನಿಂದ ಒರೆಸಿ, "ಖುಷಿ ಆಗ್ಯದವ್ವ ಅವ್ರಿಗಿ," ಎಂದಳು ನನಗೆ. ಮಾಲೆಯ ಸಿಕ್ಕು ಬಿಡಿಸುತ್ತ ನಿಂತುಬಿಟ್ಟೆ.

ಪೂಜೆ ಮುಗಿದು ಮಾಮಿ ಒಳಗೆ ಹೋದಾಗ ಮಾಮಾನ ಕಿವಿಯ ಹತ್ತಿರ ಬಗ್ಗಿದೆ. "ಮಾಮಾ, ಎಂಐಡಿಸಿ ಕಾರಖಾನಿಯೊಳಗ ಪಾಲಿಶ್ ಮಾಡೋರು ಗುರ್ತಿನವ್ರು ಅದಾರ. ಗಾಲಿ ಬಿಚ್ಚಿ ಒಯ್ತೀನಿ. ಮದಲಿನಂಗ ಆಗಲಿಕ್ಕಿಲ್ಲ, ಗೀರಾದ್ರೂ ಮುಚ್ಚತಾವ."

ಪಾನಾ ತರಲು ತಿರುಗಿದವಳ ಮಣಿಕಟ್ಟನ್ನು ಎಡಗೈಯಿಂದ ಹಿಡಿದ. ಆ ಕೈಯಲ್ಲಿ ಅಷ್ಟು ಬಲ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. ತಲೆ ಅಡ್ಡ ಆಡಿಸಿದ. ಒಳಗೆ ಮಾಮಿ ಬಾಜೂ ಮನೆಯವಳಿಗೆ ಹೇಳುತ್ತಿದ್ದಳು: "ಅವ್ರ ಗಾಲಿ ಈ ಸಲ ನಾನಽ ತೊಳದೀನಿ ನೋಡವ್ವ." ಮಾಮಾ ಆ ದನಿಯ ಕಡೆ ಗದ್ದ ಎತ್ತಿ ತೋರಿಸಿ, ಮತ್ತೆ ತಲೆ ಆಡಿಸಿದ. ಗಾಲಿ ಬಿಚ್ಚಿದರೆ ಮಾಮಿ ಯಾಕೆಂದು ಕೇಳುತ್ತಾಳೆ, ಕೇಳಿದರೆ ತಿಳಿಯುತ್ತದೆ. ಅದು ಅವನಿಗೆ ಬೇಡವಾಗಿತ್ತು. ನಾನು ಹೂಂ ಅಂದ ಮೇಲೆಯೇ ಕೈ ಬಿಟ್ಟ.

ಚಳಿ ಮುಗಿಯುವ ಮೊದಲೇ ಮಾಮಾ ಹೋದ. ಈಗ ಪ್ರತಿ ವರ್ಷ ಖಂಡೇನವಮಿ ಹತ್ತಿರ ಬಂದರೆ ಮಾಮಿಯ ಫೋನ್ ಬರುತ್ತದೆ. "ಮತ್ತ ಬಿಳೀ ಕಲೆ ಬಿದ್ದಾವವ್ವ. ಅವ್ರಿದ್ದಾಗ ಹಿಂಗ ಬೀಳ್ತಿರಲಿಲ್ಲ. ನನ್ನ ತಿಕ್ಕಾಟ ಸಾಲವಲ್ದು, ನೀನೂ ಬಾ."

ಪಾಲಿಶ್ ಹೋದ ಲೋಹಕ್ಕೆ ಹವೆ ತಾಗಿ ಕಲೆ ಬೀಳುತ್ತದೆ. ತಿಕ್ಕಿದಷ್ಟೂ ಇನ್ನಷ್ಟು ಬೀಳುತ್ತದೆ. ಇದನ್ನು ಬಲ್ಲವಳು ನಾನೊಬ್ಬಳೇ. ಹೋಗುತ್ತೇನೆ. ಮಾಮಿ ಒಂದು ಗಾಲಿಯ ಮುಂದೆ ಕೂರುತ್ತಾಳೆ, ನಾನು ಇನ್ನೊಂದರ ಮುಂದೆ. ಇಟ್ಟಿಗೆ ಪುಡಿ ಮುಷ್ಟಿಗೆ ತೆಗೆದುಕೊಂಡು, ಅವಳಿಗಿಂತ ಜೋರಾಗಿ ತಿಕ್ಕುತ್ತೇನೆ.