ಕಾರಿಗೆ ಜಡೆ ಹಾಕಿದ ನಿಧಾನಮ್ಮ

ಕಾರು ಓಡಿಸಲು ಕಲಿಸುವ ಆ ಹೆಂಗಸಿಗೆ ನಿಧಾನಮ್ಮ ಎಂಬ ಹೆಸರಿಟ್ಟವರು ಅವಳ ಶಿಷ್ಯರೇ. ಪಕ್ಕದ ಸೀಟಿನಲ್ಲಿ ಕೂತು ದಿನವಿಡೀ "ನಿಧಾನ, ನಿಧಾನ, ರಸ್ತೆ ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದಳು. ಹಾಗೆನ್ನುವ ಬಾಯಿಯೊಂದನ್ನು ಬಿಟ್ಟರೆ ಅವಳ ಮೈಯಲ್ಲಿ ಇನ್ನೆಲ್ಲೂ ನಿಧಾನವಿರಲಿಲ್ಲ. ಫೋನಿನಲ್ಲಿ ಆ ಕಡೆಯವರು ಹಲೋ ಎನ್ನುವಷ್ಟರಲ್ಲಿ ಇವಳು "ಸರಿ, ಇಡ್ಲಾ?" ಎಂದಾಗಿರುತ್ತಿತ್ತು.

ಕಾರು ಮಾವನವರ ಕಾಲದ್ದು, ಕಾರ್ಬುರೇಟರ್ ಇರುವ ಹಳೆಯ ಜಾತಿ. ಅತ್ತೆ ಅದನ್ನು "ನಿನ್ನ ಓರಗಿತ್ತಿ" ಎಂದೇ ಕರೆಯುತ್ತಿದ್ದರು. "ನಿನಗಿಂತ ಮುಂಚೆ ಈ ಮನೆಗೆ ಬಂದವಳು. ಅವಳೂ ನಿನ್ನ ಹಾಗೇ, ಒಂದಿಷ್ಟು ಗೊಣಗದೆ ಬೆಳಗ್ಗೆ ಕೆಲಸಕ್ಕೆ ಹೊರಡಲ್ಲ."

ಗಂಡನಿಗೆ ಸಾಬೂನು ಕಾರ್ಖಾನೆಯಲ್ಲಿ ಮೂಸುವ ಕೆಲಸ. ಅವನ ಮೂಗು ಒಪ್ಪದೆ ಒಂದು ಬಿಲ್ಲೆಯೂ ಕಾಗದ ಸುತ್ತಿಸಿಕೊಳ್ಳುವಂತಿರಲಿಲ್ಲ. ಆ ಮೂಗನ್ನು ಅವನು ಎಳೆಗೂಸಿನಂತೆ ಕಾಯುತ್ತಿದ್ದ. ಮನೆಯಲ್ಲಿ ಈರುಳ್ಳಿ ಹೆಚ್ಚಲು ಕೂತರೆ ಗೇಟಿನ ಆಚೆ ಹೋಗಿ ನಿಲ್ಲುವನು.

ಒಂದು ಸಂಜೆ ಅವನು ಮುಖ ಸಣ್ಣದು ಮಾಡಿಕೊಂಡು ಬಂದ.

"ಇವತ್ತು ಗುಲಾಬಿ ಸೋಪನ್ನೆಲ್ಲ ಬೇಡ ಅಂತ ವಾಪಸ್ ಕಳಿಸಿದೆ. ಪೆಟ್ರೋಲ್ ವಾಸನೆ ಬರ್ತಿದೆ ಅಂದೆ. ಮ್ಯಾನೇಜರೇ ಬಂದು ಮೂಸಿದ್ರು."

"ಸೋಪನ್ನಾ?"

"ಸೋಪನ್ನೂ ಮೂಸಿದ್ರು. ಆಮೇಲೆ ನನ್ನ ಕಾಲರನ್ನ ಮೂಸಿದ್ರು. ಪೆಟ್ರೋಲ್ ಬಂಕಲ್ಲೂ ಕೆಲಸಕ್ಕೆ ಸೇರಿದ್ದೀರಾ ಅಂತ ಕೇಳಿದ್ರು." ಅವನು ಅಂಗಿ ಬಿಚ್ಚಿ ಬಾಗಿಲ ಹೊರಗೆ ನೇತುಹಾಕಿದ. "ನಾಳೆಯಿಂದ ನಾನು ನಿನ್ನ ಕಾರು ಹತ್ತಲ್ಲ, ಬಸ್ಸಲ್ಲಿ ಹೋಗ್ತೀನಿ."

ಈ ಮಾತು ನಿಧಾನಮ್ಮನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಕಾರು ಕಲಿಸುವವಳ ಗಂಡ ಬಸ್ ಸ್ಟಾಪಿನಲ್ಲಿ ನಿಂತರೆ ಕಲಿಯಲು ಬರುವವರು ಏನೆಂದುಕೊಂಡಾರು? ಆಗಲೇ ಹೋಗಿ ಬಾನೆಟ್ ಎತ್ತಿದಳು. ಪಂಪಿನಿಂದ ಕಾರ್ಬುರೇಟರಿಗೆ ಪೆಟ್ರೋಲ್ ಒಯ್ಯುವ ರಬ್ಬರ್ ಪೈಪು ಒಡೆದ ಹಿಮ್ಮಡಿಯ ಹಾಗೆ ಬಿರುಕು ಬಿಟ್ಟಿತ್ತು.

ಬಿಡಿಭಾಗದ ಅಂಗಡಿಯವನು ಎರಡು ಬಗೆಯ ಪೈಪು ಮುಂದಿಟ್ಟ. ಒಂದು ಬರೀ ರಬ್ಬರಿನದು. ಇನ್ನೊಂದಕ್ಕೆ ಒಳಗೆ ರಬ್ಬರು, ಮೇಲೆ ಉಕ್ಕಿನ ಸಣ್ಣ ತಂತಿಗಳ ಒತ್ತಾದ ಹೆಣಿಗೆ. "ಇದು ಉಜ್ಜಿದ್ರೂ ಬೇಗ ಸವೆಯಲ್ಲ" ಎಂದು ಅವನು ಹೇಳಿದ್ದು ಅವಳ ಕಿವಿಗೆ ಬಿತ್ತೋ ಇಲ್ಲವೋ. ಅವಳು ಅದರ ಹೊಳಪಿಗೆ ಆಗಲೇ ಸೋತಿದ್ದಳು. ಇರಲಿ ಎಂದು ಕೊಂಚ ಉದ್ದವಾಗಿಯೇ ಕೊಯ್ಸಿಕೊಂಡಳು.

ರಜೆಯ ದಿನ ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಬ್ಯಾಟರಿಯ ತಂತಿ ಕಳಚಿ, ಉಳಿದ ಪೆಟ್ರೋಲಿಗೆ ಒಂದು ಡಬ್ಬಿ ಹಿಡಿದು, ಹಳೆಯ ಪೈಪನ್ನು ಕಿತ್ತಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಹೊಸದನ್ನು ಅಳತೆ ಹಿಡಿದು ಗರಗಸ ಇಟ್ಟದ್ದೇ ತಡ, ಹೆಣಿಗೆ ಬಿಚ್ಚಿಕೊಂಡು ತಂತಿಗಳೆಲ್ಲ ಈಗತಾನೇ ನಿದ್ದೆಯಿಂದೆದ್ದವರ ತಲೆಯಂತೆ ಕೆದರಿ ನಿಂತವು. ಒಂದೆರಡು ಅವಳ ಬೆರಳನ್ನೂ ಚುಚ್ಚಿದವು; ಅಲ್ಲಿಗೆ ಟಿಂಚರ್ ಸವರಿಕೊಂಡಳು.

ಜಗುಲಿಯ ಕುರ್ಚಿಯಿಂದ ಅತ್ತೆ ಕೇಳಿದರು. "ಓರಗಿತ್ತಿಗೆ ಜಡೆ ಹಾಕ್ತಿದ್ದೀಯಾ?"

"ಪೈಪ್ ಹಾಕ್ತಿದ್ದೀನಿ ಅತ್ತೆ."

"ನಿಧಾನ ಕಣೇ, ನಿಧಾನ."

ನಿಧಾನಮ್ಮ ಹಲ್ಲು ಕಚ್ಚಿಕೊಂಡು, ಕತ್ತರಿಸುವ ಕಡೆ ಟೇಪನ್ನು ಬಿಗಿಯಾಗಿ ಸುತ್ತಿ, ಟೇಪಿನ ಮೇಲೆಯೇ ಗರಗಸ ಆಡಿಸಿದಳು. ಈ ಸಲ ತುದಿ ನುಣ್ಣಗೆ ಬಂತು. ಒಳಗಿನ ರಬ್ಬರ್ ಪುಡಿಯನ್ನು ಊದಿ ತೆಗೆದಳು. ಕಾರ್ಬುರೇಟರಿನ ಮೂತಿಗೆ ಪೈಪನ್ನು ಉಸಿರು ಬಿಗಿಹಿಡಿದು ತಳ್ಳಿ ಕೂರಿಸಿದ ಮೇಲೆ, ಮೊದಲೇ ಪೈಪಿಗೆ ತೊಡಿಸಬೇಕಿದ್ದ ಬಿಗಿಪಟ್ಟಿಗಳು ಇನ್ನೂ ಜೇಬಿನಲ್ಲೇ ಇವೆ ಎಂಬುದು ನೆನಪಾಯಿತು. ಮತ್ತೆ ಕಿತ್ತಳು. ಜಗುಲಿಯ ಕಡೆ ನೋಡಲಿಲ್ಲ.

ಪಂಪಿನ ಕೆಳಗೆ, ಟ್ಯಾಂಕಿನಿಂದ ಬರುವ ಕಡೆ, ಇನ್ನೊಂದು ಗೇಣುದ್ದದ ಕಪ್ಪು ಪೈಪಿತ್ತು. ಕೈ ಹೋಗುವುದೇ ಕಷ್ಟವಾದ ಜಾಗ. ಅವಳು ಅದನ್ನು ನೋಡಿದಳು, ಬಾನೆಟ್ ಎತ್ತಿದವರ ಕಣ್ಣಿಗೆ ಅದು ಬೀಳುವುದಿಲ್ಲ ಎಂಬುದನ್ನೂ ನೋಡಿದಳು, ಬಿಟ್ಟಳು.

ಎಂಜಿನ್ ಶುರುವಾಯಿತು. ಎಲ್ಲೂ ಒಂದು ಹನಿ ಇಲ್ಲ. ಹೊಸ ಹೆಣಿಗೆ ಬಿಸಿಲಿಗೆ ಝಗಝಗ ಎಂದಿತು. ಎಂಜಿನ್ ಆರಿಸಿ, ಕೈ ಒರೆಸಿಕೊಂಡು ಗಂಡನನ್ನು ಕರೆದಳು. ಅವನು ಗೇಟಿನಲ್ಲೇ ನಿಂತ.

"ವಾಸನೆ ಇದೆ" ಎಂದ.

"ಅದು ಹಳೇದು. ಗಾಳಿಯಲ್ಲಿ ಉಳಿದಿದ್ದು."

"ಹಳೇ ವಾಸನೆ ಹೀಗಿರಲ್ಲ. ಇದು ಈಗ ತಾನೇ ಬಂದಿದ್ದು."

"ನಿಮ್ಮ ಸೋಪಿನ ವಿಷಯಕ್ಕೆ ನಾನು ಬರ್ತೀನಾ? ನನ್ನ ಕೆಲಸದಲ್ಲಿ ನೀವು ಮೂಗು ತೂರಿಸಬೇಡಿ."

"ಬೇರೆ ಏನು ತೂರಿಸ್ತಾನೆ ಪಾಪ," ಎಂದರು ಅತ್ತೆ. "ಅವನ ಹತ್ರ ಇರೋದು ಅದೊಂದೇ."

ನಿಧಾನಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಜಗಳ ಮುಂದುವರಿಸುವುದು ಹೇಗೆ? ಸರಿದು ಜಾಗ ಬಿಟ್ಟಳು. ಅವನು ಕೈ ಹಿಂದೆ ಕಟ್ಟಿಕೊಂಡು ಎಂಜಿನ್ನಿನ ಮೇಲೆ ಬಾಗಿದ. ಕಾರ್ಬುರೇಟರಿನ ಬಳಿ "ಇಲ್ಲಿಲ್ಲ" ಎಂದ. ಹೊಸ ಪೈಪಿನ ಉದ್ದಕ್ಕೂ ಮೂಸಿ "ಇದೂ ಅಲ್ಲ" ಎಂದ. ಹಾಗೇ ಕೆಳಗಿಳಿದ ಮೂಗು ಪಂಪಿನ ಅಡಿಯಲ್ಲಿ ನಿಂತಿತು. "ಇಲ್ಲಿ."

ಟಾರ್ಚ್ ಬಿಟ್ಟಾಗ ಆ ಕಪ್ಪು ಪೈಪಿನ ತಳದಲ್ಲಿ ಒಂದು ಹನಿ ದಪ್ಪಗಾಗುತ್ತಿತ್ತು. ಎಂಜಿನ್ ಓಡುವಾಗ ಪಂಪು ಒಳಕ್ಕೆ ಹೀರಿಕೊಳ್ಳುತ್ತಿತ್ತು, ನಿಂತ ಮೇಲೆ ಜಿನುಗುತ್ತಿತ್ತು.

"ಇದನ್ನ ನೋಡಿರಲಿಲ್ವಾ?"

"ನೋಡಿದ್ದೆ," ಎಂದಳು ಅವಳು. "ಯಾರಿಗೂ ಕಾಣಲ್ಲ ಅಂತ ಬಿಟ್ಟೆ."

ಅವನು ನಗಲಿಲ್ಲ. ಅದೊಂದು ಅವಳಿಗೆ ಹಿಡಿಸಿತು. ಅವನು ಮುಖವನ್ನು ಆಚೆ ತಿರುಗಿಸಿಕೊಂಡೇ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಡಬ್ಬಿ ಹಿಡಿದ. ಅವಳು ಉಳಿದ ತುಂಡಿಗೆ ಮೊದಲು ಟೇಪ್ ಸುತ್ತಿದಳು, ಆಮೇಲೆ ಕೊಯ್ದಳು, ಮರೆಯದೆ ಬಿಗಿಪಟ್ಟಿ ತೊಡಿಸಿದಳು, ಮಲಗಿಕೊಂಡು ಕೈ ತೂರಿಸಿ ಒಂದೊಂದೇ ಸುತ್ತು ಬಿಗಿದಳು. ಊಟದ ಹೊತ್ತು ಮೀರಿತು.

ಕೊನೆಗೆ ಎಂಜಿನ್ ಓಡಿಸಿ, ನಿಲ್ಲಿಸಿ, ಅವನು ಮತ್ತೆ ಮೇಲಿಂದ ಕೆಳಗೆ ಮೂಸಿದ. "ಹೊಸ ರಬ್ಬರಿನ ವಾಸನೆ ಇದೆ. ನಿನ್ನ ಬೆರಳಲ್ಲಿ ಟಿಂಚರ್ ವಾಸನೆ ಇದೆ. ಪೆಟ್ರೋಲ್ ಇಲ್ಲ."

ಮರುದಿನ ಅವನು ಕಾರಿನಲ್ಲೇ ಹೋದ. ಅದಾದ ಮೇಲೆ ಕಷ್ಟಕ್ಕೆ ಸಿಕ್ಕಿದವರು ಶಿಷ್ಯರು. ಈಗ ಪಾಠಕ್ಕೆ ಬಂದವರೆಲ್ಲ ಮೊದಲು ಬಾನೆಟ್ಟಿನೊಳಗೆ ಇಣುಕಬೇಕು. "ಮೇಲಿಂದು ಬಿಡಿ, ಅದು ಎಲ್ಲರಿಗೂ ಕಾಣುತ್ತೆ. ಬಗ್ಗಿ, ಇನ್ನೂ ಬಗ್ಗಿ, ಪಂಪಿನ ಕೆಳಗೆ ನೋಡಿ" ಎಂದು ನಿಧಾನಮ್ಮ ಟಾರ್ಚ್ ಬಿಡುತ್ತಾಳೆ. ಬ್ಯಾಂಕಿಗೆ ಹೋಗುವ ಅವಸರದಲ್ಲಿದ್ದ ಒಬ್ಬಾಕೆ ಕೈಗಡಿಯಾರ ನೋಡಿಕೊಂಡು, "ಮೇಡಂ, ಇವತ್ತು ಓಡಿಸೋದೂ ಇದೆಯಾ?" ಎಂದು ಕೇಳಿದ್ದುಂಟು. ಉಳಿದವರು ಜಾಣರು. ಬಗ್ಗಿ ನೋಡುತ್ತಾರೆ, ತುಂಬಾ ಚೆನ್ನಾಗಿದೆ ಎನ್ನುತ್ತಾರೆ, ಬೀಗದ ಕೈಗೆ ಕೈ ಚಾಚುತ್ತಾರೆ.