ಮುಮ್ತಾಜ್ ಕದಿಯದ ಮೊಟ್ಟೆಗಳು

ನರಸಿಂಹರಾಜಪುರದ ಹತ್ತಿರ ಭದ್ರಾ ಹಿನ್ನೀರಿನಲ್ಲಿ ಮುಮ್ತಾಜ್ ಇಪ್ಪತ್ತೆರಡು ವರ್ಷದಿಂದ ತೆಪ್ಪದಲ್ಲಿ ಹೋಗಿ ಬಲೆ ಹಾಕುತ್ತಿದ್ದಾಳೆ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ತಲೆಯೆತ್ತಿದಾಗ ರೀವ ಎಂಬ ನೀರುಹಕ್ಕಿಗಳು ಅಲ್ಲಿನ ಕಲ್ಲುಗಳ ನಡುವೆ, ಬರಿ ನೆಲದ ಮೇಲೆ ಮೊಟ್ಟೆಯಿಡುತ್ತವೆ. ಆ ದಿನಗಳಲ್ಲಿ ಅವಳು ಗಡ್ಡೆಗೆ ಕಾಲಿಡುವುದಿಲ್ಲ. ಮೊಟ್ಟೆ ಹೆಕ್ಕಲು ಬಂದವರನ್ನು ಬೈದು ಓಡಿಸಿದ್ದೂ ಉಂಟು.

ನಿಶ್ಚಿತಾ ಎಂಬ ಯುವತಿ ಹಕ್ಕಿ ಉಳಿಸುವ ಸಂಸ್ಥೆಯೊಂದರಿಂದ ಬಂದಾಗ, ಯಾವ ಗಡ್ಡೆಯಲ್ಲಿ ಎಷ್ಟು ಗೂಡು ಎಂದು ತೋರಿಸಿದ್ದು ಮುಮ್ತಾಜಳೇ. ನಿಶ್ಚಿತಾ ಎರಡು ತಿಂಗಳು ಅವಳ ಮನೆಯಲ್ಲೇ ಉಳಿದಳು. ಜ್ವರ ಬಂದು ಮಲಗಿದಾಗ ಮುಮ್ತಾಜ್ ಗಂಜಿ ಮಾಡಿ ಕುಡಿಸಿದಳು. ಮರುವರ್ಷ ಸ್ವಯಂಸೇವಕರು ಬರತೊಡಗಿದರು. ತಾವೇ ದುಡ್ಡು ಕಟ್ಟಿ ಬಂದು, ಹದಿನೈದು ದಿನ ದಡದಲ್ಲಿ ಕೂತು ಗೂಡು ಕಾಯುವ ಪೇಟೆಯ ಮಂದಿ. ಅವರನ್ನು ತೆಪ್ಪದಲ್ಲಿ ಸುತ್ತಿಸುವ ಕೆಲಸ ಮುಮ್ತಾಜಳಿಗೆ ಸಿಕ್ಕಿತು. ಕಾವಲಿದ್ದುದರಿಂದ ಮೊಟ್ಟೆ ಹೆಕ್ಕುವವರು ಹತ್ತಿರ ಸುಳಿಯಲಿಲ್ಲ. ಮರಿಗಳು ಹೆಚ್ಚಿದವು.

ಕಳೆದ ವರ್ಷದ ಮಾರ್ಚಿನಲ್ಲಿ ಮೈಸೂರಿನಿಂದ ಬಂದಿದ್ದ ಸ್ವಯಂಸೇವಕಿ ಅನನ್ಯ ತೆಪ್ಪದಲ್ಲಿ ಕೂತು ಕೇಳಿದಳು: "ಆಂಟಿ, ಮೊಟ್ಟೆ ಕದಿಯೋದು ಬಿಡೋಕೆ ಕಷ್ಟ ಆಯ್ತಾ?"

"ಎಂತ ಕದಿಯೋದು?" ಮುಮ್ತಾಜಳ ಕೈಯ ಹುಟ್ಟು ನಿಂತಿತು.

ಅನನ್ಯ ಅಳುಕುತ್ತ ಫೋನ್ ಚಾಚಿದಳು. ಸಂಸ್ಥೆಯ ಪುಟದಲ್ಲಿ ಮುಮ್ತಾಜಳ ದೊಡ್ಡ ಫೋಟೋ. ಕೆಳಗಿದ್ದ ಇಂಗ್ಲಿಷನ್ನು ಅನನ್ಯಳೇ ಕನ್ನಡ ಮಾಡಿ ಹೇಳಿದಳು: 'ನಿನ್ನೆಯ ಮೊಟ್ಟೆಗಳ್ಳಿ, ಇಂದಿನ ರಕ್ಷಕಿ. ನಿಮ್ಮ ಸೇವೆ ಇಂಥವರನ್ನು ಬದಲಿಸುತ್ತದೆ.'

ದಡಕ್ಕೆ ಬಂದವಳೇ ಮುಮ್ತಾಜ್ ನಿಶ್ಚಿತಾಳನ್ನು ಕೇಳಿದಳು, "ನಾನು ಯಾವತ್ತು ಕದ್ದಿದ್ದೆ ಮಾರಾಯ್ತಿ?"

"ಹಾಗಲ್ಲ ಅಕ್ಕ. ಬದಲಾದವರ ಕಥೆ ಇದ್ರೆ ಜನ ಬರ್ತಾರೆ. ಜನ ಬಂದ್ರೆ ತಾನೇ ಹಕ್ಕಿ ಉಳಿಯೋದು?"

"ನನ್ನನ್ನ ಒಂದ್ಮಾತು ಕೇಳ್ಬಹುದಿತ್ತಲ್ಲ."

"ಕೇಳಿದ್ರೆ ನೀವು ಒಪ್ತಿರಲಿಲ್ಲ."

ಅಂದರೆ ತಿಳಿದೇ ಬರೆದದ್ದು.

ಎರಡು ದಿನದಲ್ಲಿ ಸಂಸ್ಥೆಯವರು ಪುಟದಿಂದ ಆ ಸಾಲುಗಳನ್ನು ತೆಗೆದರು. ಅಷ್ಟರಲ್ಲಿ ಅವು ಊರಿನ ಫೋನುಗಳಿಗೆಲ್ಲ ಹರಡಿದ್ದವು. ಗಡ್ಡೆಯಿಂದ ಅವಳೇ ಒಮ್ಮೆ ಓಡಿಸಿದ್ದ ರೇಣುಕಪ್ಪ ಮೀನು ಮಾರ್ಕೆಟ್ಟಿನಲ್ಲಿ ಎಲ್ಲರೆದುರು ನಕ್ಕ: "ನಮ್ಗೆ ಬೈತಿದ್ದೆ. ನೀನೂ ಅದೇ ಕಸುಬಿನವಳಾ?"

ಮುಮ್ತಾಜ್ ಸಂಸ್ಥೆಯ ಕೆಲಸ ಬಿಟ್ಟಳು. ಅವರು ಮೋಟಾರ್ ದೋಣಿ ತಂದರು. ಈ ಬೇಸಿಗೆಯಲ್ಲಿ ಗೂಡುಗಳು ಇನ್ನೂ ಹೆಚ್ಚಿವೆಯಂತೆ. ಕೇಳಿ ಅವಳಿಗೆ ಸಂತೋಷವೇ ಆಯಿತು. ಹಕ್ಕಿಯ ಮೇಲೆ ಎಂಥ ಸಿಟ್ಟು? ಆದರೆ ಬಲೆ ಹಾಕಲು ಹೋದರೆ ಈಗ ಯಾರೋ ಹೊಸ ಸ್ವಯಂಸೇವಕರು ದಡದಿಂದ ಸೀಟಿ ಊದಿ, ಗೂಡುಗಳಿಂದ ದೂರ ಹೋಗು ಎಂದು ಕೈ ಬೀಸುತ್ತಾರೆ. ಅವಳು ತೆಪ್ಪ ತಿರುಗಿಸುತ್ತಾಳೆ.