ಹುಚ್ಚಕ್ಕನ ಕುರಿ, ಮಗಳ ನೋಟಿಸು

ಚಿತ್ರದುರ್ಗದ ಕೋರ್ಟಿನ ಎದುರು ಟೀ ಕುಡಿಯುವ ಜನಕ್ಕೆ ಮೂರು ಬಗೆಯ ವಕೀಲರು ಗೊತ್ತು. ಜಮೀನು ಬಿಡಿಸುವವರು, ಗಂಡ-ಹೆಂಡಿರನ್ನು ಬಿಡಿಸುವವರು, ಜೈಲಿನಿಂದ ಬಿಡಿಸುವವರು. ಮೀನಾಕ್ಷಿ ಈ ಮೂರರಲ್ಲಿ ಯಾವುದಕ್ಕೂ ಸೇರಿದವಳಲ್ಲ. ಅವಳದು ಕಂಪನಿಗಳ ದಿವಾಳಿ ಕೇಸು. ಸಾಲ ತೀರಿಸಲಾಗದೆ ಕೈಚೆಲ್ಲಿದ ಕಂಪನಿ ಬೆಂಗಳೂರಿನ ನ್ಯಾಯಮಂಡಳಿಯ ಮುಂದೆ ಬರುತ್ತದೆ. ಬದುಕುವಂತಿದ್ದರೆ ಅದನ್ನು ಹೊಸ ಮಾಲೀಕನ ಕೈಗೆ ಕೊಡಿಸಬೇಕು, ಇಲ್ಲದಿದ್ದರೆ ಮರ್ಯಾದೆಯಿಂದ ಮಣ್ಣು ಮಾಡಿಸಬೇಕು. ಇದನ್ನು ವಿವರಿಸಲು ಹೋದರೆ ಜನ, "ಅಂದ್ರೆ ಬಾಗ್ಲು ಹಾಕ್ಸೋ ಲಾಯರಮ್ಮ ಅನ್ನು" ಎಂದು ಟೀ ಲೋಟ ಕೆಳಗಿಡುತ್ತಾರೆ.

ಮೀನಾಕ್ಷಿ ಹುಟ್ಟಿದ್ದು ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಪಕ್ಕದ ಹಟ್ಟಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಅಪ್ಪ ಪಾಲಣ್ಣ ಬೇಗ ತೀರಿಕೊಂಡ. ಅವ್ವ ಹುಚ್ಚಕ್ಕ ಕುರಿ ಮಾರಿ ಮಾರಿ ಮಗಳನ್ನು ಓದಿಸಿದಳು. ವಕೀಲಿ ಪದವಿ ಎಂದರೆ ಅರವತ್ತಮೂರು ಕುರಿ ಎಂದು ಅವಳು ಈಗಲೂ ಬಂದವರಿಗೆ ಹೇಳುತ್ತಾಳೆ. ಮಗಳಿಗೆ ನಲವತ್ತನಾಲ್ಕು ದಾಟಿದೆ. ಮದುವೆಯ ಮಾತೆತ್ತುವುದನ್ನು ಹುಚ್ಚಕ್ಕ ಹತ್ತು ವರ್ಷದ ಹಿಂದೆಯೇ ಬಿಟ್ಟಳು. ಎತ್ತಿದಾಗಲೆಲ್ಲ ಮಗಳು ಎದುರುವಾದ ಮಾಡುತ್ತಿದ್ದಳು, ಅದೂ ಗೆಲ್ಲುತ್ತಿದ್ದಳು.

ಮೀನಾಕ್ಷಿ ಹನ್ನೊಂದು ವರ್ಷ ಜೂನಿಯರ್ ಆಗಿ ಕುಳಿತದ್ದು ಅಂಜನಪ್ಪ ವಕೀಲರ ಕಚೇರಿಯಲ್ಲಿ. ಅಲ್ಲಿ ಒಂದು ಬದುವಿನ ಕೇಸು ಅಜ್ಜನ ಹೆಬ್ಬೆಟ್ಟಿನಿಂದ ಶುರುವಾಗಿ ಮೊಮ್ಮಗನ ಸಹಿಯವರೆಗೆ ಬಂದು ನಿಂತಿತ್ತು. ೨೦೧೬ರಲ್ಲಿ ದಿವಾಳಿಯ ಹೊಸ ಕಾಯ್ದೆ ಬಂದಾಗ ಅಂಜನಪ್ಪನವರು ಪುಸ್ತಕ ತೆರೆದರು, ನಾಲ್ಕು ಪುಟ ಓದಿದರು, ಅದನ್ನು ಅವಳ ಕಡೆ ತಳ್ಳಿದರು. "ಇದರಾಗೆ ಎಲ್ಲದಕ್ಕೂ ಇಂತಿಷ್ಟು ದಿನ ಅಂತ ಐತೆ ಕಣಮ್ಮ. ಅಷ್ಟರಾಗೆ ಕೇಸು ಮುಗೀಬೇಕಂತೆ. ಇದು ನಮ್ಮಂಥೋರಿಗಲ್ಲ, ನೀನು ಓದ್ಕ" ಎಂದರು. ಅವಳು ಓದಿಕೊಂಡಳು. ಜಿಲ್ಲೆಯಲ್ಲಿ ಬೇರೆ ಯಾರೂ ಓದಲಿಲ್ಲ. ಊರಿಗೊಬ್ಬಳೇ ಪದ್ಮಾವತಿ ಆದಳು.

ಕೇಸುಗಳಿಗೇನೂ ಬರವಿರಲಿಲ್ಲ, ಬರುವ ಕಕ್ಷಿದಾರರಿಗೆ ಮಾತ್ರ ಧೈರ್ಯವಿರಲಿಲ್ಲ. ಅವಳ ಕಚೇರಿಯ ಮೆಟ್ಟಿಲು ಹತ್ತಿದ್ದನ್ನು ಯಾರಾದರೂ ಕಂಡರೆ ಸಂಜೆಯೊಳಗೆ ಸಾಲ ಕೊಟ್ಟವರೆಲ್ಲ ಮನೆ ಬಾಗಿಲಿಗೆ ಬಂದಾರು. ಹಾಗಾಗಿ ಎಲ್ಲರೂ ಮದುವೆ ಕರೆಯಲು ಬಂದವರಂತೆ ಕೈಯಲ್ಲಿ ಲಗ್ನಪತ್ರಿಕೆ ಹಿಡಿದು ಬರುತ್ತಿದ್ದರು. ಹಿರಿಯೂರಿನ ಎಣ್ಣೆ ಗಿರಣಿಯ ಸಾಹುಕಾರನೊಬ್ಬ ಒಂದೇ ಪತ್ರಿಕೆಯನ್ನು ಐದು ಸಲ ತಂದ. ಕೊನೆಯ ಸಲ ಬರುವಾಗ ಆ ಪತ್ರಿಕೆಯ ಮದುಮಗಳಿಗೆ ಎರಡು ಮಕ್ಕಳಾಗಿದ್ದವು. ಹೊಳಲ್ಕೆರೆಯ ಕಲ್ಲು ಕ್ರಷರ್ ಮಾಲೀಕ ಬ್ಯಾಂಕಿನ ಎಂಟು ನೋಟಿಸುಗಳನ್ನು ಒಡೆಯದೆ ದೇವರ ಮನೆಯಲ್ಲಿಟ್ಟಿದ್ದ. ಎಂಟಕ್ಕೂ ಕುಂಕುಮ ಹಚ್ಚಿತ್ತು. ದೇವರು ಓದಿದನೋ ಇಲ್ಲವೋ, ಕ್ರಷರ್ ಮಾತ್ರ ಹರಾಜಾಯಿತು.

ಹೀಗಿರುವಾಗ ಕಳೆದ ವರ್ಷ ಮಾಡದಕೆರೆಯ ತೆಂಗಿನ ನಾರಿನ ಫ್ಯಾಕ್ಟರಿ ಬಂತು. ಮಾಲೀಕ ಪರಮೇಶ್ವರಪ್ಪ ಸಾಲ ಕಟ್ಟಲಿಲ್ಲವೆಂದು ಬ್ಯಾಂಕು ಅವನ ಕಂಪನಿಯನ್ನು ನ್ಯಾಯಮಂಡಳಿಗೆ ಎಳೆದಿತ್ತು. ಮುಂದೇನೆಂದು ತೀರ್ಮಾನವಾಗುವ ತನಕ ಫ್ಯಾಕ್ಟರಿ ನೋಡಿಕೊಳ್ಳಲು ಮಂಡಳಿ ಬೆಂಗಳೂರಿನಿಂದ ಸುಷ್ಮಿತಾ ಎಂಬ ಲೆಕ್ಕಪರಿಶೋಧಕಿಯನ್ನು ಅಧಿಕಾರಿಯಾಗಿ ಕಳಿಸಿತ್ತು. ಸಿಪ್ಪೆಯಿಂದ ನಾರು ಬಿಡಿಸಿ ಹಗ್ಗ ಹೊಸೆಯುವ ಐವತ್ತೆಂಟು ಹೆಂಗಸರಿಗೆ ಏಳು ತಿಂಗಳಿಂದ ಸಂಬಳವಿರಲಿಲ್ಲ. ಮೀನಾಕ್ಷಿ ಆ ಹೆಂಗಸರ ವಕೀಲೆ. ಫೀಸಿನ ಮಾತು ಬಂದಾಗ ಅವರ ಮುಖಂಡಳಾದ ಚಂದ್ರಕ್ಕ ಎರಡು ಸುರುಳಿ ಹಗ್ಗ ತಂದು ಮೇಜಿನ ಮೇಲಿಟ್ಟಳು. ಮೀನಾಕ್ಷಿ ರಶೀದಿ ಕೊಟ್ಟಳು.

ಫ್ಯಾಕ್ಟರಿ ಕೊಳ್ಳಲು ತಿಪಟೂರಿನ ವ್ಯಾಪಾರಿಯೊಬ್ಬ ಮುಂದೆ ಬಂದಿದ್ದ. ಆದರೆ ಅವನದು ಒಂದೇ ಮಾತು: ತಾನು ನೋಡಲು ಬರುವ ದಿನ ಮೋಟಾರು ಓಡುತ್ತಿರಬೇಕು. ಮೋಟಾರು ಓಡಬೇಕಾದರೆ ಬಾಕಿ ಬಿದ್ದ ಕರೆಂಟ್ ಬಿಲ್ಲು ಕಟ್ಟಬೇಕು, ಅದಕ್ಕೆ ಹತ್ತಿರ ಹತ್ತಿರ ಆರು ಲಕ್ಷ ಬೇಕು. ಅಷ್ಟು ಸಿಗದಿದ್ದರೆ ಯಂತ್ರವೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ, ಐವತ್ತೆಂಟು ಹೆಂಗಸರು ಮನೆಗೆ.

ಮೀನಾಕ್ಷಿ ಸುಷ್ಮಿತಾಳ ಮುಂದೆ ಮೇಜು ಗುದ್ದಿದಳು. ಮುಳುಗುವ ಮುಂಚಿನ ಒಂದು ವರ್ಷದಲ್ಲಿ ಮಿಕ್ಕವರಿಗೆಲ್ಲ ಕೈಕೊಟ್ಟು ಯಾರಿಗಾದರೂ ಒಬ್ಬರಿಗೆ ಸಾಲ ತೀರಿಸಿದ್ದರೆ ಅದನ್ನು ವಾಪಸ್ ತರಿಸಬಹುದೆಂದು ಕಾನೂನೇ ಹೇಳುತ್ತದೆ. "ಹುಡುಕಿ ಮೇಡಂ, ಯಾರೇ ಆಗಿರಲಿ ಬಿಡಬೇಡಿ" ಎಂದಳು. ಸುಷ್ಮಿತಾ ಫ್ಯಾಕ್ಟರಿಯ ಲೆಕ್ಕದ ಪುಸ್ತಕಗಳಲ್ಲಿ ಹುಡುಕಿದಳು. ಸಿಕ್ಕಿದ್ದು ಒಂದೇ ಸಾಲು: ಹುಚ್ಚಕ್ಕ, ಮತ್ತೋಡು, ಕೈಸಾಲ ವಾಪಸ್, ಆರು ಲಕ್ಷ.

"ಈ ಹುಚ್ಚಕ್ಕ ಯಾರು ಅಂತ ಸ್ವಲ್ಪ ವಿಚಾರಿಸ್ತೀರಾ?" ಎಂದು ಸುಷ್ಮಿತಾ ಕೇಳಿದಾಗ ಮೀನಾಕ್ಷಿಗೆ ಕುಡಿಯುತ್ತಿದ್ದ ಟೀ ನೆತ್ತಿಗೇರಿತು.

ಅವಳು ನೇರ ಪರಮೇಶ್ವರಪ್ಪನ ಮನೆಗೆ ಹೋದಳು. ಅವನು ಜಗಲಿಯ ಮೇಲೆ ಎಲೆ-ಅಡಿಕೆ ಹಾಕಿಕೊಂಡು ಕುಳಿತಿದ್ದ. ಕೋಟಿಗಟ್ಟಲೆ ಸಾಲ ಮಾಡಿದವನ ಮುಖದಲ್ಲಿ ಇರುವ ನೆಮ್ಮದಿ ಸಾಲ ಕೊಟ್ಟವರಿಗೆ ಎಲ್ಲಿಂದ ಬರಬೇಕು!

"ಬರ್ರಿ ಲಾಯರಮ್ಮ, ಕುಂತ್ಕಳ್ರಿ" ಎಂದ.

"ಬ್ಯಾಂಕಿಗೆ ಕಟ್ಟಲಿಲ್ಲ, ಹೆಣ್ಣಾಳಿಗೆ ಕೊಡಲಿಲ್ಲ, ನಮ್ಮವ್ವಂಗೆ ಹೆಂಗೆ ಕೊಟ್ರಿ?"

"ಬ್ಯಾಂಕ್ನೋರು ಕಾಗದ ಕಳಿಸ್ತಾರೆ ಕಣಮ್ಮ, ಮಡಚಿ ಇಡಬೋದು. ನಿಮ್ಮವ್ವ ಕುರಿ ಕಳಿಸ್ತಾಳೆ. ಕುರೀನ ಎಲ್ಲಿ ಮಡಚಿ ಇಡಾನ?"

ಗೊಬ್ಬರಕ್ಕೆಂದು ಕುರಿಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳುವುದು, ಅದಕ್ಕೆ ಕುರಿಯವರಿಗೆ ಕಾಳು-ಕಾಸು ಕೊಡುವುದು ಈ ಸೀಮೆಯ ರೂಢಿ. ಕುರಿ ಮಾರಿ ಕೂಡಿಟ್ಟಿದ್ದನ್ನು ಮಗಳಿಗೂ ಹೇಳದೆ ಅವನಿಗೆ ಸಾಲ ಕೊಟ್ಟಿದ್ದ ಹುಚ್ಚಕ್ಕ, ಅದು ವಾಪಸ್ ಬಾರದಿದ್ದಾಗ ಯಾರೂ ಕರೆಯದೆ ತನ್ನ ಮಂದೆಯನ್ನು ಫ್ಯಾಕ್ಟರಿಯ ಅಂಗಳದಲ್ಲಿ ತಂದು ನಿಲ್ಲಿಸಿದ್ದಳು. ಅದೂ ನಾರು ಒಣಗಲು ಹರಡಿದ ಜಾಗದಲ್ಲಿ. ಮೂರು ದಿನದಲ್ಲಿ ನಾರು ಯಾವುದು, ಹಿಕ್ಕೆ ಯಾವುದು ಎಂದು ಗೊತ್ತಾಗದಂತಾಯಿತು. ನಾಲ್ಕನೆಯ ದಿನ ಪರಮೇಶ್ವರಪ್ಪ ಚೆಕ್ಕು ಬರೆದ. ಬ್ಯಾಂಕಿನವರು ಇದನ್ನು ಕಲಿತಿದ್ದರೆ ಮೀನಾಕ್ಷಿಗೆ ಕೆಲಸವೇ ಇರುತ್ತಿರಲಿಲ್ಲ.

ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಬರುವಾಗ ಅವಳು ಮೂರು ಸುಳ್ಳು ತಯಾರು ಮಾಡಿದಳು. ಹುಚ್ಚಕ್ಕ ಎಂಬ ಹೆಸರಿನವರು ಮತ್ತೋಡಿನಲ್ಲಿ ಡಜನ್ನಿದ್ದಾರೆ. ಮುದುಕಿ ಗುಳೆ ಹೋಗಿದ್ದಾಳೆ. ಮುದುಕಿ ತೀರಿಕೊಂಡಿದ್ದಾಳೆ. ಮೂರೂ ಒಳ್ಳೆಯ ಸುಳ್ಳುಗಳೇ. ಯಾವುದನ್ನು ಹೇಳಿದ್ದರೂ ಸುಷ್ಮಿತಾ ಒಪ್ಪಿ ಆ ಸಾಲಿಗೆ ಗೀಟು ಹಾಕುತ್ತಿದ್ದಳು. ಅಷ್ಟರಲ್ಲಿ ಚಂದ್ರಕ್ಕನ ಫೋನು ಬಂತು. "ಏನಾದ್ರೂ ಸಿಕ್ತಾ ಲಾಯರಮ್ಮ?" ಎಂದು ಅವಳು ಕೇಳಿದ ದನಿಗೆ ಮೀನಾಕ್ಷಿಗೆ ನಾಚಿಕೆಯಾಯಿತು. ಬದುಕಿರುವ ಅವ್ವನನ್ನು ಸಾಯಿಸಲು ಹೊರಟಿದ್ದೆನಲ್ಲಾ ಎಂದು ಇನ್ನೂ ನಾಚಿಕೆಯಾಯಿತು.

ಮರುದಿನ ಸುಷ್ಮಿತಾಳನ್ನೂ ಹೆಂಗಸರನ್ನೂ ಕೂರಿಸಿಕೊಂಡು ಹೇಳಿಬಿಟ್ಟಳು: "ಅದು ನಮ್ಮವ್ವ. ನೀವು ಬೇರೆ ಲಾಯರ್ ನೋಡ್ಕಳ್ರಿ."

ಹೆಂಗಸರು ಹೊರಗೆ ಹೋಗಿ ಗುಸುಗುಸು ಮಾತಾಡಿಕೊಂಡು ಬಂದರು. ಚಂದ್ರಕ್ಕ ತೀರ್ಪು ಕೊಟ್ಟಳು: "ಬೇರೆಯೋರು ಕೇಳಕ್ಕೆ ಹೋದ್ರೆ ಹುಚ್ಚಕ್ಕ ದೊಣ್ಣೆ ತಗಂತಾಳೆ. ನೀನೇ ಇರು. ನೀನೇ ಹೋಗು." ಸುಷ್ಮಿತಾ ಅದನ್ನೇ ಚೆಂದದ ಭಾಷೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿಕೊಂಡಳು.

ಹಟ್ಟಿಯಲ್ಲಿ ಹುಚ್ಚಕ್ಕ ಮಗಳಿಗೆ ಮುದ್ದೆ ಬಡಿಸಿ, ಉಂಡಾದ ಮೇಲೆ ಆರು ಲಕ್ಷ ವಾಪಸ್ ಕೇಳುವ ಸುಷ್ಮಿತಾಳ ನೋಟಿಸು ಓದಿಸಿದಳು. ಓದಿಸಿದ ಮೇಲೆ ಮುದ್ದೆ ಬಡಿಸಿದ್ದಕ್ಕೆ ಮರುಗಿದಳು.

"ನನ್ ದುಡ್ಡು. ನಾನು ಕೊಟ್ಟಿದ್ದೆ, ನಾನು ಈಸ್ಕಂಡೆ. ಇದರಾಗೆ ತಪ್ಪೇನೈತೆ?"

"ತಪ್ಪಿಲ್ಲ ಕಣವ್ವ. ಆದ್ರೆ ನಿಂಗೊಬ್ಬಳಿಗೇ ಸಿಕ್ಕೈತೆ. ಐವತ್ತೆಂಟು ಹೆಂಗಸರಿಗೆ ಏಳು ತಿಂಗಳು ಸಂಬಳ ಇಲ್ಲ."

"ಅವರು ಕುರಿ ಬಿಡಬೇಕಿತ್ತು. ಬ್ಯಾಡ ಅಂದೋರು ಯಾರು?"

"ಅವ್ವ, ಇದು ಕಾನೂನು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಕಾನೂನಾ? ಮುಳುಗಿದ್ದು ಆ ಪರಮೇಶ್ವರಪ್ಪ, ಬರೆ ನಂಗೆ! ದುಡ್ಡೆಲ್ಲಿ ಐತೆ, ನಲವತ್ತು ಕುರಿ ತಗಂಡೀನಿ. ಅರವತ್ತಮೂರು ಕುರಿ ಮಾರಿ ನಿನ್ನ ಓದಿಸ್ದೆ. ಓದಿ ಬಂದು ಈ ನಲವತ್ತಕ್ಕೂ ಕೈ ಹಾಕ್ತೀಯಾ?" ಹುಚ್ಚಕ್ಕ ಎದ್ದು ನಿಂತಳು. "ಊರಿಗೆ ಉಪಕಾರಿ, ಮನೆಗೆ ಮಾರಿ. ಇನ್ಮ್ಯಾಲೆ ಈ ಹಟ್ಟಿಗೆ ಕಾಲಿಡಬ್ಯಾಡ."

ಮೀನಾಕ್ಷಿ ದೊಡ್ಡ ದೊಡ್ಡ ಬ್ಯಾಂಕಿನ ವಕೀಲರ ಬೆವರಿಳಿಸಿದವಳು. ಅವ್ವನ ಮುಂದೆ ನೋಟಿಸು ಇಟ್ಟು ಎದ್ದು ಹೊರಟಳು. ಬಸ್ಸಿಗೆ ಕಾಯುತ್ತಾ ಮತ್ತೋಡಿನ ರಸ್ತೆ ಬದಿಯಲ್ಲಿ ನಿಂತು ಅತ್ತಳು. ಜಗತ್ತಿನಲ್ಲಿ ಅವಳು ಹೆದರುತ್ತಿದ್ದದ್ದು ಆ ಒಬ್ಬ ಮುದುಕಿಗೆ, ಪ್ರೀತಿಸುತ್ತಿದ್ದದ್ದೂ ಆ ಮುದುಕಿಯನ್ನೇ. ಅತ್ತು ಮುಗಿದ ಮೇಲೆ, ನೋಟಿಸು ತಲುಪಿದ್ದಕ್ಕೆ ಹೆಬ್ಬೆಟ್ಟು ಹಾಕಿಸಿಕೊಳ್ಳುವುದನ್ನು ಮರೆತದ್ದು ನೆನಪಾಯಿತು. ವಾಪಸ್ ಹೋಗಲು ಧೈರ್ಯ ಬರಲಿಲ್ಲ.

ಹದಿನೆಂಟು ದಿನ ಕಳೆಯಿತು. ಫೋನು ಮಾಡಿದರೆ ಹುಚ್ಚಕ್ಕ ಎತ್ತಲಿಲ್ಲ. ಒಂದು ಮಂಗಳವಾರ ಮಧ್ಯಾಹ್ನ ಫ್ಯಾಕ್ಟರಿಯಲ್ಲಿ ಸಭೆ ಸೇರಿತ್ತು. ಸುಷ್ಮಿತಾ, ಬ್ಯಾಂಕಿನ ಅಧಿಕಾರಿ, ಹೆಂಗಸರು, ಕಪ್ಪು ಕೋಟಿನ ಮೀನಾಕ್ಷಿ ಎಲ್ಲರೂ ಅಂಗಳದ ನೆರಳಿನಲ್ಲಿ ಕುಳಿತಿದ್ದಾಗ ಗೇಟಿನ ಹೊರಗೆ ಧೂಳೆದ್ದಿತು. ನಲವತ್ತು ಕುರಿ, ಅವುಗಳ ಹಿಂದೆ ಇಪ್ಪತ್ತೆರಡು ಮರಿ, ಎಲ್ಲದರ ಹಿಂದೆ ಹುಚ್ಚಕ್ಕ.

"ಐವತ್ತೆಂಟು ಹೆಂಗಸರ ಶಾಪ ನಂಗ್ಯಾಕೆ? ದುಡ್ಡೆಲ್ಲ ಕುರಿ ಆಗೈತೆ. ನಲವತ್ತು ಅವೆ, ಎಣಿಸ್ಕಳ್ರಿ" ಎಂದಳು. ಮಗಳ ಕಡೆ ತಿರುಗಿಯೂ ನೋಡಲಿಲ್ಲ.

ಸುಷ್ಮಿತಾಳ ಲ್ಯಾಪ್‌ಟಾಪ್ ಬ್ಯಾಗನ್ನು ಟಗರೊಂದು ಮೂಸುತ್ತಿತ್ತು. ಅವಳ ಪಟ್ಟಿಯಲ್ಲಿ ಭೂಮಿ, ಕಟ್ಟಡ, ಯಂತ್ರಗಳಿಗೆ ಜಾಗವಿತ್ತು, ಕುರಿಗಿರಲಿಲ್ಲ. ಹಿರಿಯೂರಿನ ಕುರಿ ವ್ಯಾಪಾರಿಗೆ ಫೋನು ಹೋಯಿತು. ಅವನು ಬಂದು ಬೆನ್ನು ಸವರಿ ನೋಡಿ ಐದೂವರೆ ಲಕ್ಷ ಎಂದ. ಬ್ಯಾಂಕಿನ ಅಧಿಕಾರಿ ಪೆನ್ನು ತೆಗೆದ. "ಐವತ್ತು ಸಾವಿರ ಕಡಿಮೆ ಬೀಳುತ್ತೆ. ಮರಿಗಳನ್ನೂ ಸೇರಿಸಿಕೊಳ್ಳಿ."

"ಕುರಿ ನಿಮ್ದಾದ್ರೆ ಆರು ತಿಂಗಳು ಮೇಯ್ಸಿದೋಳು ಯಾರಪ್ಪ? ನಿಮ್ ಬ್ಯಾಂಕಾ?" ಹುಚ್ಚಕ್ಕ ಕೋಲು ನೆಲಕ್ಕೆ ಕುಟ್ಟಿದಳು. "ಪಾಲಿಗೆ ಸಾಕಿದ್ರೆ ಮರಿಯಾಗೆ ಅರ್ಧ ಸಾಕಿದೋರಿಗೆ. ಹನ್ನೊಂದು ನಂದು."

ಬೇರೆಯವರ ಕುರಿಯನ್ನು ಮೇಯಿಸಿ ಹುಟ್ಟಿದ ಮರಿಗಳನ್ನು ಸಮ ಹಂಚಿಕೊಳ್ಳುವ ಆ ವಾಡಿಕೆ ಬ್ಯಾಂಕಿನ ಪುಸ್ತಕದಲ್ಲಿ ಇರಲಿಲ್ಲ. ಸುಷ್ಮಿತಾ ಯೋಚಿಸಿ, "ಕಾರ್ಮಿಕರು ತಕರಾರಿಲ್ಲ ಅಂತ ಬರೆದುಕೊಟ್ಟರೆ ಮಂಡಳಿಯ ಮುಂದೆ ರಾಜಿಗೆ ಇಡಬಹುದು" ಎಂದು ಮೀನಾಕ್ಷಿಯ ಮುಖ ನೋಡಿದಳು.

ಎಲ್ಲರೂ ಅವಳ ಮುಖವನ್ನೇ ನೋಡಿದರು, ಈಗ ಹುಚ್ಚಕ್ಕನೂ. ಒಂದು ಮಾತು ಅತ್ತಿತ್ತ ತಿರುಗಿಸಿದರೆ ಅವ್ವನ ಮರಿ ಉಳಿಯುತ್ತಿತ್ತು. ಮೀನಾಕ್ಷಿ ತನ್ನ ಕಕ್ಷಿದಾರರಿಗೆ ಹೇಳಿದಳು: "ನೀವು ಬಿಟ್ಟುಕೊಡಬೇಕು ಅಂತ ಏನಿಲ್ಲ. ಇಪ್ಪತ್ತೆರಡೂ ಬೇಕು ಅಂತ ಕೇಳಬೋದು. ಕೇಳು ಅಂದ್ರೆ ಕೇಳ್ತೀನಿ."

ಹುಚ್ಚಕ್ಕ ಮುಖ ಆ ಕಡೆ ತಿರುಗಿಸಿದಳು. ಚಂದ್ರಕ್ಕ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಎದ್ದಳು.

"ಓದಿ ಓದಿ ತಲೆ ಕೆಟ್ಟೈತಾ ಲಾಯರಮ್ಮ? ನಮ್ಮನ್ಯಾಗೂ ಪಾಲಿನ ಕುರಿ ಅವೆ. ಸಾಕಿದೋಳ ಪಾಲು ಕಿತ್ಕಂಡ್ರೆ ನಾಳೆ ನಮಗ್ಯಾರು ಮರಿ ಕೊಡ್ತಾರೆ? ಹನ್ನೊಂದು ಆಯಮ್ಮಂದೇ. ಏನ್ರೇ?"

ಐವತ್ತೆಂಟು ಕೈ ಮೇಲೆದ್ದವು. ಕಕ್ಷಿದಾರರ ಮಾತು ಮೀರುವ ಹಾಗಿಲ್ಲ. ಮೀನಾಕ್ಷಿ ಕಾಗದ ಬರೆದಳು. ಉಳಿದ ಹನ್ನೊಂದು ಮರಿ ಆ ನಲವತ್ತು ಕುರಿಗಳ ಜೊತೆ ಲಾರಿ ಹತ್ತಿದವು. ಮಂಡಳಿ ರಾಜಿ ಒಪ್ಪಿತು, ಕರೆಂಟು ಬಂತು, ತಿಪಟೂರಿನವನು ಓಡುವ ಮೋಟಾರು ನೋಡಿ ಫ್ಯಾಕ್ಟರಿ ತೆಗೆದುಕೊಂಡ, ಹೆಂಗಸರಿಗೆ ಬಾಕಿ ಸಂಬಳದಲ್ಲಿ ಮುಕ್ಕಾಲು ಪಾಲು ಸಿಕ್ಕಿತು. ಅದೆಲ್ಲ ಆಮೇಲಿನ ಮಾತು.

ಆ ಮಂಗಳವಾರ ಲಾರಿ ಹೋದ ಮೇಲೆ ಹುಚ್ಚಕ್ಕ ತನ್ನ ಪಾಲಿನ ಮರಿಗಳನ್ನು ಎರಡು ಸಲ ಎಣಿಸಿ ಗೇಟು ದಾಟಿದಳು. ಮೀನಾಕ್ಷಿ ಫೈಲು ಹಿಡಿದು ನಿಂತೇ ಇದ್ದಳು. ಹತ್ತು ಹೆಜ್ಜೆ ಹೋದ ಮುದುಕಿ ತಿರುಗಿ ಕೂಗಿದಳು.

"ಏನೇ, ಕಂಬ ಇದ್ದಂಗೆ ನಿಂತೀಯಾ? ರೋಡ್ ತುಂಬಾ ಲಾರಿ ಓಡಾಡ್ತಾವೆ, ನಾನೊಬ್ಳು ಹೆಂಗ್ ಹೊಡ್ಕಂಡು ಹೋಗ್ಲಿ? ಹಿಂದೆ ಬಾ, ಹೋಗಾಣ."

"ಎಲ್ಲಿಗವ್ವ?"

"ಹಟ್ಟಿಗೆ ಕಣೇ, ಇನ್ನೆಲ್ಲಿಗೆ?"

ಮೀನಾಕ್ಷಿ ಕೋಟನ್ನೂ ಫೈಲನ್ನೂ ಚಂದ್ರಕ್ಕನ ಕೈಗೆ ಕೊಟ್ಟಳು. ಕುಂಟುತ್ತಿದ್ದ ಒಂದು ಮರಿಯನ್ನು ಹೆಗಲಿಗೆ ಹಾಕಿಕೊಂಡು, ಮಿಕ್ಕ ಹತ್ತರ ಹಿಂದೆ ಹೊರಟಳು.